ಆಡಿದ ಮಾತು, ಆಡದ ಅರ್ಥ



ಅಕ್ಕಲಕೋಟೆಯ ಯಾವುದೇ ಮನೆಯಿಂದ ಹೊರಡುವ ಅತಿಥಿಗಳು "ಬರ್ತೀನ್ರಿ" ಎನ್ನುತ್ತಾರೆ. ಹೋಗುವವರು ಬರುತ್ತೇನೆ ಎನ್ನುವದು ಸುಳ್ಳೇ? ಅಲ್ಲ. ನಮ್ಮ ನಂಟು ಇಲ್ಲಿಗೆ ಮುಗಿಯಲಿಲ್ಲ ಎಂಬುದೇ ಅದರ ಅರ್ಥ. ಸೊಲ್ಲಾಪುರದ ಮರಾಠಿ ನೆರೆಯವರೂ ಹೊರಡುವಾಗ "ಯೇತೋ" ಎಂದೇ ಹೇಳುತ್ತಾರೆ. ದೂರದ ಫ್ರಾನ್ಸಿನವರು "ಓ ರವ್ವಾರ್" ಎನ್ನುತ್ತಾರೆ. ಮತ್ತೆ ಕಾಣುವವರೆಗೆ ಎಂದು ಅದರ ಭಾವ. ಮೂರು ಭಾಷೆಗಳಲ್ಲಿಯೂ "ಹೋಗುತ್ತೇನೆ" ಎಂಬ ಮಾತು ಬರಲಿಲ್ಲ. ಆದರೂ ಎಲ್ಲರಿಗೂ ತಿಳಿಯಿತು.

ವಾಚ್ಯಾರ್ಥ ಮತ್ತು ವ್ಯಂಗ್ಯಾರ್ಥ

ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ಶಕ್ತಿಗಳಿವೆ ಎಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಶಬ್ದ ನೇರವಾಗಿ ಹೇಳುವದು ವಾಚ್ಯಾರ್ಥ. ಸಂದರ್ಭದಿಂದ ಹೊಳೆಯುವದು ವ್ಯಂಗ್ಯಾರ್ಥ ಅಥವಾ ಧ್ವನಿ. ಕಾಶ್ಮೀರದ ಆನಂದವರ್ಧನನು 9ನೆಯ ಶತಮಾನದಲ್ಲಿ 'ಧ್ವನ್ಯಾಲೋಕ'ವನ್ನು ರಚಿಸಿ, ಕಾವ್ಯಕ್ಕೆ ಧ್ವನಿಯೇ ಜೀವವೆಂದು ಸಾಧಿಸಿದನು. ಆದರೆ ಧ್ವನಿಯು ಕಾವ್ಯದಲ್ಲಷ್ಟೇ ಅಲ್ಲ, ಕಿರಾಣಿ ಅಂಗಡಿಯಲ್ಲಿಯೂ ಇದೆ. ಉದ್ರಿ ಕೇಳಿದವನಿಗೆ ಅಂಗಡಿಯವರು "ನೋಡೂಣಂತ" ಎಂದರೆ ಬಹುಶಃ ಸಿಗುವದಿಲ್ಲವೆಂದು ತಿಳಿಯಬೇಕು. ಮರಾಠಿಯ "ಬಘೂ", ಫ್ರೆಂಚಿನ "ಒನ್ ವೆರಾ" ಎಂಬ ಮಾತುಗಳಿಗೂ ನೋಡೋಣ ಎಂದೇ ಅರ್ಥ. ಅಲ್ಲಿಯೂ ಅವು ಅನೇಕ ಸಲ ಇದೇ ಕೆಲಸ ಮಾಡುತ್ತವೆ.

"ಇಲ್ಲ" ಎಂದು ನೇರವಾಗಿ ಏಕೆ ಹೇಳಬಾರದು? ಕೇಳಿದವನಿಗೆ ಮುಖಭಂಗವಾದೀತೆಂದು. ಪೆನೆಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸರು ತಮಿಳು, ಇಂಗ್ಲಿಷ್ ಮತ್ತು ಮೆಕ್ಸಿಕೋದ ತ್ಸೆಲ್ತಾಲ್ ಭಾಷೆಗಳನ್ನು ಹೋಲಿಸಿ ನೋಡಿದರು. ಒಬ್ಬರು ಇನ್ನೊಬ್ಬರ 'ಮುಖ' ಕಾಯುವದೇ ಸೌಜನ್ಯದ ಬೇರು ಎಂದು 1978ರಲ್ಲಿ ಬರೆದರು. ಮುಖಭಂಗವೆಂಬ ನಮ್ಮ ಹಳೆಯ ಮಾತಿನಲ್ಲಿ ಇದೇ ತಿಳಿವಳಿಕೆ ಅಡಗಿದೆ.

ಗೌರವ ಇರುವ ಜಾಗ

ಸೌಜನ್ಯ ಎಲ್ಲ ಭಾಷೆಗಳಲ್ಲಿಯೂ ಇದೆ. ಆದರೆ ಅದು ಇರುವ ಜಾಗ ಬೇರೆ ಬೇರೆ. ನಮ್ಮ ಭಾಗದ ಕನ್ನಡದಲ್ಲಿ "ನೀರು ಕೊಡ್ರಿ" ಎಂದರೆ ಸಾಕು. ಗೌರವವೆಲ್ಲ ಆ "ರಿ"ಯಲ್ಲಿದೆ. ಮರಾಠಿಯಲ್ಲಿ ಹಿರಿಯರಿಗೆ "ಪಾಣೀ ದೇ" ಎಂದರೆ ಒರಟಾಗುತ್ತದೆ. "ಪಾಣೀ ದ್ಯಾ" ಎನ್ನಬೇಕು, "ಜರಾ ಪಾಣೀ ದ್ಯಾಲ ಕಾ?" ಎಂದು ಕೇಳಿದರೆ ಇನ್ನೂ ಮೃದು. ಫ್ರೆಂಚಿನಲ್ಲಿ ಸಲಿಗೆಗೆ "ತ್ಯು", ಗೌರವಕ್ಕೆ "ವು" ಎಂಬ ಸರ್ವನಾಮಗಳಿವೆ. ನಾವು ಅವ್ವನಿಗೆ "ನೀ" ಎನ್ನುವಂತೆ ಅಲ್ಲಿಯ ಮಗು ತಾಯಿಗೆ "ತ್ಯು" ಎನ್ನುತ್ತದೆ. ಆದರೆ ಅಪರಿಚಿತರ ಹತ್ತಿರ "ವು" ಒಂದೇ ಸಾಲದು. ಅಂಗಡಿಯನ್ನು ಹೊಕ್ಕ ಕೂಡಲೆ "ಬೊಂಜೂರ್" ಎಂದು ನಮಸ್ಕಾರ ಹೇಳಬೇಕು. ಏನಾದರೂ ಕೇಳುವಾಗ "ಸಿಲ್ ವು ಪ್ಲೆ", ಅಂದರೆ ತಮ್ಮ ಮನಸ್ಸಿಗೆ ಬಂದರೆ, ಎಂದು ಸೇರಿಸಬೇಕು.

ಊಟದ ಪಂಕ್ತಿಯನ್ನೂ ನೋಡಿರಿ. ಅತಿಥಿಯ ಮೊದಲನೆಯ "ಸಾಕ್ರಿ"ಯನ್ನು ನಾವು ನಂಬುವದಿಲ್ಲ. ಇನ್ನೊಂದು ಹೋಳಿಗೆ ಬಡಿಸಿಯೇ ಬಿಡುತ್ತೇವೆ. ಫ್ರೆಂಚರಲ್ಲಿ ಬಡಿಸಬಂದಾಗ ಬರಿದೆ "ಮೆರ್ಸಿ" (ಧನ್ಯವಾದ) ಎಂದರೆ ಎಷ್ಟೋ ಸಲ ಬೇಡವೆಂದೇ ಅರ್ಥ. ಅಲ್ಲಿ ನಮ್ಮ ಹುಡುಗ ಸಂಕೋಚದಿಂದ ಹಾಗೆಂದರೆ ಹಸಿದೇ ಏಳಬೇಕಾದೀತು! ಅಲ್ಲಿಯವನು ಇಲ್ಲಿಗೆ ಬಂದರೆ, ರೊಟ್ಟಿ ಬಡಿಸಿದ ಅವ್ವನಿಗೆ ಮಕ್ಕಳು ಧನ್ಯವಾದ ಹೇಳುವದಿಲ್ಲವಲ್ಲ ಎಂದು ಬೆರಗಾದಾನು. ಇಬ್ಬರೂ ಸೌಜನ್ಯವಂತರೇ. ಆದ್ದರಿಂದ ಪರಭಾಷೆ ಕಲಿಯುವಾಗ ಶಬ್ದಗಳ ಜೊತೆಗೆ ಆ ಭಾಷೆ ಗೌರವವನ್ನು ಎಲ್ಲಿ ಇಟ್ಟಿದೆಯೆಂಬುದನ್ನೂ ಕಲಿಯಬೇಕು.

ನೇರ ಮಾತು ಬೇಕಾದಾಗ

ಸೌಜನ್ಯಕ್ಕೂ ಒಂದು ಮಿತಿಯುಂಟು. ನಮ್ಮ ಹಳ್ಳಿಯ ರೋಗಿಯೊಬ್ಬರು ಸೊಲ್ಲಾಪುರದ ದವಾಖಾನೆಗೆ ಹೋಗುತ್ತಾರೆನ್ನಿರಿ. ಡಾಕ್ಟರರು ಗುಳಿಗೆಗಳ ಹೊತ್ತನ್ನು ಮರಾಠಿಯಲ್ಲಿ ಹೇಳಿ, "ಸಮಜಲ ಕಾ?" ಎಂದು ಕೇಳುತ್ತಾರೆ. ದೊಡ್ಡವರಿಗೆ ಇಲ್ಲವೆನ್ನಬಾರದೆಂದು ರೋಗಿ "ಹೋ" ಎನ್ನುತ್ತಾರೆ. "ಕೇಳಿದೆ" ಎಂಬುದು ರೋಗಿಯ ಭಾವ. "ತಿಳಿಯಿತು" ಎಂಬುದು ಡಾಕ್ಟರರ ನಂಬಿಕೆ. ಮುಂಜಾನೆಯ ಗುಳಿಗೆ ರಾತ್ರಿ ಹೊಟ್ಟೆ ಸೇರಿದರೆ ಆ ಸೌಜನ್ಯದಿಂದ ಏನು ಲಾಭ? ತರಗತಿಯಲ್ಲಿ ಗಣಿತ ತಿಳಿಯದೆ "ಹೂಂ ರೀ" ಎನ್ನುವ ವಿದ್ಯಾರ್ಥಿಯ ಸ್ಥಿತಿಯೂ ಇದೇ. "ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ" ಎನ್ನುವದರಲ್ಲಿ ನೇರತನವೂ ಇದೆ, ಗೌರವವೂ ಇದೆ. ಪಾಲಕರು ಮನೆಯಲ್ಲಿ ಮಕ್ಕಳಿಗೆ ಹೀಗೆ ಕೇಳುವ ಧೈರ್ಯ ಕೊಡಬೇಕು.

ಅಭ್ಯಾಸ

1. ಬೇಸಿಗೆಯಲ್ಲಿ ಮನೆಗೆ ಬಂದವರು "ಭಾಳ ಧಗಿ ಅದ ನೋಡ್ರಿ" ಎಂದರೆ ನೀವೇನು ಮಾಡುವಿರಿ? ಏಕೆ?
2. "ಏನ್ ಕೆಟ್ಟಿಲ್ಲ ಬಿಡ್ರಿ" ಎಂಬುದು ಹೊಗಳಿಕೆಯಾಗುವದು ಯಾವಾಗ?
3. ಮನೆಯಲ್ಲಿ ಒಂದು ದಿನ ಕೇಳಿದ ಮಾತುಗಳಲ್ಲಿ, ವಾಚ್ಯಾರ್ಥ ಒಂದು, ಧ್ವನಿ ಇನ್ನೊಂದು ಇದ್ದ ಐದನ್ನು ಬರೆಯಿರಿ. ಮರಾಠಿಯಲ್ಲಿ ಅವನ್ನು ಹೇಗೆ ಹೇಳುತ್ತಾರೆಂದು ನೆರೆಯವರನ್ನು ಕೇಳಿರಿ.