ಹಲಾಲ್ ಕೋಳಿ ‘ತಯ್ಯಿಬ್’ ಕೂಡ ಆಗಿರಲಿ

ಭಾನುವಾರ ಬೆಳಿಗ್ಗೆ ಗೋರಿಪಾಳ್ಯ, ವಿಜಯನಗರ, ಕೆಂಗೇರಿಯ ಕೋಳಿ ಅಂಗಡಿಗಳಲ್ಲಿ ನಾವು ಕೇಳುವ ಮೊದಲ ಪ್ರಶ್ನೆ, ‘ಹಲಾಲ್ ತಾನೇ?’ ಆ ಕೋಳಿ ಏನು ತಿಂದು ಬೆಳೆಯಿತು, ಅದಕ್ಕೆ ಯಾವ ಔಷಧಿ ಕೊಟ್ಟಿದ್ದರು ಎಂದು ಕೇಳುವವರು ಕಡಿಮೆ. ಪವಿತ್ರ ಕುರ್‌ಆನ್ (ಅಲ್ ಬಕರ: 168) ಆಹಾರದ ವಿಷಯದಲ್ಲಿ ‘ಹಲಾಲ್’ ಜೊತೆಗೆ ‘ತಯ್ಯಿಬ್’, ಅಂದರೆ ಶುದ್ಧ ಮತ್ತು ಹಿತಕರ ಎಂಬುದನ್ನೂ ಸೇರಿಸಿದೆ. ಆದ್ದರಿಂದ ಈ ಎರಡನೆಯ ಪ್ರಶ್ನೆಯೂ ನಮ್ಮದೇ.

ಸಮಸ್ಯೆ ಏನು?

ಬ್ರಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುತ್ತದೆ. ಸಾವಿರಾರು ಕೋಳಿಗಳು ಒಂದೇ ಶೆಡ್ಡಿನಲ್ಲಿದ್ದಾಗ ರೋಗ ಬೇಗ ಹರಡುತ್ತದೆ. ಅದಕ್ಕೆ ಹೆದರಿ ಕೆಲವರು ರೋಗವಿಲ್ಲದಿದ್ದರೂ ಮೇವು, ನೀರಿನಲ್ಲಿ ಆಂಟಿಬಯಾಟಿಕ್ ಬೆರೆಸುತ್ತಾರೆ. ಕಡಿಮೆ ಪ್ರಮಾಣದ ಔಷಧಿಗೆ ದುರ್ಬಲ ರೋಗಾಣುಗಳು ಸಾಯುತ್ತವೆ, ಬಲಿಷ್ಠವಾದವು ಉಳಿದು ಹೆಚ್ಚುತ್ತವೆ. ಅವು ಮಾಂಸ, ಗೊಬ್ಬರ ಮತ್ತು ಕೈಗಳ ಮೂಲಕ ಮನುಷ್ಯರಿಗೂ ತಲುಪಬಹುದು. ನಾಳೆ ನಮ್ಮ ಮಗುವಿಗೆ ಸೋಂಕು ತಗಲಿದಾಗ ವೈದ್ಯರು ಬರೆದುಕೊಟ್ಟ ಮಾತ್ರೆ ಕೆಲಸ ಮಾಡದಿರುವ ಅಪಾಯ ಇರುವುದು ಇಲ್ಲಿಯೇ.

ಕೊಲಿಸ್ಟಿನ್ ಎಂಬ ಔಷಧಿ ತೀವ್ರ ನಿಗಾ ಘಟಕದ ರೋಗಿಗಳಿಗೆ ಕೊನೆಯ ಆಸರೆ. ಅದನ್ನು ಕೋಳಿ ಮತ್ತು ಇತರ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿತು. ತೂಕ ಹೆಚ್ಚಿಸಲು ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲೇ ಪೂರ್ಣವಾಗಿ ನಿಲ್ಲಿಸಿದೆ.

ಒಳ್ಳೆಯ ಜೀವಾಣುಗಳು

ಮೊಸರಿನಲ್ಲಿರುವಂತಹ ಉಪಕಾರಿ ಜೀವಾಣುಗಳನ್ನು ಮೇವಿನಲ್ಲಿ ಕೊಡುವುದೇ ಪ್ರೋಬಯಾಟಿಕ್ ವಿಧಾನ. ಲ್ಯಾಕ್ಟೋಬ್ಯಾಸಿಲಸ್, ಬ್ಯಾಸಿಲಸ್ ಜಾತಿಯವು ಇದರಲ್ಲಿ ಮುಖ್ಯ. ಇವು ಕರುಳಿನಲ್ಲಿ ಜಾಗ ಹಿಡಿದು, ಆಮ್ಲ ಉತ್ಪಾದಿಸಿ, ಸಾಲ್ಮೊನೆಲ್ಲಾದಂತಹ ರೋಗಾಣುಗಳಿಗೆ ನೆಲೆಯೂರಲು ಬಿಡುವುದಿಲ್ಲ. ಫಿನ್ಲೆಂಡಿನ ನುರ್ಮಿ ಮತ್ತು ರಂತಾಲಾ 1973ರಲ್ಲಿ ಇದನ್ನು ತೋರಿಸಿದರು: ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಜೀವಾಣುಗಳನ್ನು ಪಡೆದ ಮರಿಗಳು ಸಾಲ್ಮೊನೆಲ್ಲಾವನ್ನು ಚೆನ್ನಾಗಿ ತಡೆದುಕೊಂಡವು. ತಾಯಿಯ ಜೊತೆ ಕೆದಕಿ ತಿನ್ನುವ ನಾಟಿ ಮರಿಗೆ ಇದು ಸಹಜವಾಗಿ ಸಿಗುತ್ತದೆ. ಯಂತ್ರದಲ್ಲಿ ಹುಟ್ಟಿದ ಮರಿಗೆ ನಾವೇ ಒದಗಿಸಬೇಕು.

ಗಿಡಮೂಲಿಕೆಗಳು

ಅರಿಶಿನ, ಬೆಳ್ಳುಳ್ಳಿ, ಅಮೃತಬಳ್ಳಿ, ನೆಲನೆಲ್ಲಿ ಮುಂತಾದವುಗಳನ್ನು ಕೋಳಿಗಳ ಜೀರ್ಣಶಕ್ತಿ ಮತ್ತು ಯಕೃತ್ತಿಗಾಗಿ ಬಳಸುತ್ತಾರೆ. ಆದರೆ ಬೆಳೆದ ನೆಲ, ಒಣಗಿಸಿದ ರೀತಿ, ಕೊಟ್ಟ ಪ್ರಮಾಣಕ್ಕೆ ತಕ್ಕಂತೆ ಇವುಗಳ ಗುಣ ಬದಲಾಗುತ್ತದೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ಎಷ್ಟು ಕೊಟ್ಟರೂ ತೊಂದರೆಯಿಲ್ಲ ಎಂದು ಭಾವಿಸಬಾರದು.

ಮಿತಿ ತಿಳಿದಿರಲಿ

ಪ್ರೋಬಯಾಟಿಕ್ ಆಗಲಿ, ಮೂಲಿಕೆಯಾಗಲಿ ರೋಗ ಬಾರದಂತೆ ನೆರವಾಗುತ್ತವೆ. ಲಸಿಕೆಗೆ ಅವು ಬದಲಿಯಲ್ಲ. ಕೊಕ್ಕರೆ ರೋಗ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯಾಟಿಕ್ ಕೂಡ ನಾಟುವುದಿಲ್ಲ, ಲಸಿಕೆಯೇ ರಕ್ಷಣೆ. ಬ್ಯಾಕ್ಟೀರಿಯಾ ಸೋಂಕು ತಗಲಿದ ಹಕ್ಕಿಗೆ ಪಶುವೈದ್ಯರು ಆಂಟಿಬಯಾಟಿಕ್ ಬರೆದರೆ ಕೊಡಲೇಬೇಕು. ಮೂಕಪ್ರಾಣಿ ನಮ್ಮ ಕೈಯಲ್ಲಿರುವ ಅಮಾನತ್, ಅದನ್ನು ನರಳಲು ಬಿಡುವುದು ಸರಿಯಲ್ಲ. ಔಷಧಿ ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಕೋಳಿಯನ್ನು ಕೊಯ್ಯಬಾರದು, ಮೊಟ್ಟೆಯನ್ನೂ ತಿನ್ನಬಾರದು.

ಮನೆಯಲ್ಲಿ ಪಾಲಿಸಿ

* ಮಹಡಿಯಲ್ಲಿ ನಾಟಿ ಕೋಳಿ ಸಾಕಿದ್ದರೆ ಗೂಡನ್ನು ಒಣಗಿಸಿಡಿ, ನೀರಿನ ಬಟ್ಟಲನ್ನು ದಿನವೂ ತೊಳೆಯಿರಿ. ಲಸಿಕೆಗೆ ಹತ್ತಿರದ ಸರಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.
* ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಕೋಳಿಗೆ ಹಾಕಬೇಡಿ.
* ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆದರೆ ರೋಗಾಣು ಸುತ್ತಲೂ ಸಿಡಿಯುತ್ತದೆ. ಪಾತ್ರೆಯಲ್ಲಿ ನಿಧಾನವಾಗಿ ತೊಳೆದು, ಸಿಂಕ್ ಮತ್ತು ಕೈಗಳನ್ನು ಸೋಪಿನಿಂದ ಶುಚಿಗೊಳಿಸಿ.
* ತರಕಾರಿಗೆ ಬೇರೆ ಚಾಕು, ಬೇರೆ ಹಲಗೆ ಇರಲಿ.
* ಮಾಂಸ ಒಳಗಿನವರೆಗೂ ಬೇಯಲಿ. ಬೇಯಿಸಿದರೆ ರೋಗಾಣು ಸಾಯುತ್ತದೆ. ಆದರೆ ಮಾಂಸದಲ್ಲಿ ಉಳಿದ ಔಷಧಿಯ ಅಂಶ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ.

ಹೀಗಾಗಿ ಎಚ್ಚರಿಕೆ ಫಾರಂನಿಂದಲೇ ಶುರುವಾಗಬೇಕು. ಮುಂದಿನ ಬಾರಿ ಅಂಗಡಿಯವರಲ್ಲಿ ಕೋಳಿ ಯಾವ ಫಾರಂನದು, ಹೇಗೆ ಸಾಕಿದ್ದು ಎಂದೂ ಕೇಳೋಣ. ಹತ್ತು ಗಿರಾಕಿಗಳು ಕೇಳಿದರೆ ಅಂಗಡಿಯವರೂ ಫಾರಂನವರನ್ನು ಕೇಳುತ್ತಾರೆ.