ಸರಕಿನೊಂದಿಗೆ ಸಾಗುವ ಬಸವನಹುಳು: ಕೊಡಗಿನ ತೋಟಗಳು ಕಲಿಸುವ ಪಾಠ

ಶಂಖ, ಕವಡೆ, ಕಪ್ಪೆಚಿಪ್ಪು, ಬಸವನಹುಳು ಇವೆಲ್ಲವೂ ಮೃದ್ವಂಗಿಗಳೆಂಬ ಒಂದೇ ಬಳಗಕ್ಕೆ ಸೇರಿದ ಜೀವಿಗಳು. ಮಾನವ ಚಟುವಟಿಕೆಗಳು ಈ ಬಳಗದ ಮೇಲೆ ಬೀರುವ ಪರಿಣಾಮ ಎಲ್ಲೆಡೆಯೂ ಒಂದೇ ಬಗೆಯದಲ್ಲ. ಕರಾವಳಿಯ ಅಳಿವೆಗಳಲ್ಲಿ ಮರಳು ತೆಗೆಯುವುದರಿಂದಲೂ ಮಾಲಿನ್ಯದಿಂದಲೂ ಕಪ್ಪೆಚಿಪ್ಪುಗಳ ನೆಲೆ ಕುಗ್ಗುತ್ತದೆ. ಸಮುದ್ರವಿಲ್ಲದ ಕೊಡಗಿನಲ್ಲಾದರೋ ಮನುಷ್ಯನೇ ಹೊತ್ತು ತಂದ ಒಂದು ಜೀವಿ ಮಿತಿಮೀರಿ ಹೆಚ್ಚಿದೆ. ಅದೇ ಆಫ್ರಿಕದ ದೈತ್ಯ ಬಸವನಹುಳು. ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆ ಸುತ್ತಮುತ್ತಲಿನ ಕಾಫಿ ತೋಟಗಳು ಇದರ ಹಾವಳಿಯನ್ನು ಕಂಡಿವೆ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಬೆಳೆಯುವ ಜಿಲ್ಲೆಯಲ್ಲಿ ಇದು ಕೇವಲ ಬೆಳೆಗಾರರ ಚಿಂತೆಯಲ್ಲ. ವರ್ತಕರ ಚಿಂತೆಯೂ ಹೌದು.

ಬಂದ ದಾರಿ

ಈ ಹುಳುವಿನ ಮೂಲ ಪೂರ್ವ ಆಫ್ರಿಕ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಚಿಪ್ಪುಜೀವಿ ತಜ್ಞ ಮಾರಿಷಸ್‌ನಿಂದ ಇದನ್ನು ಕಲ್ಕತ್ತೆಗೆ ತಂದನು. ಅಲ್ಲಿಂದ ಮುಂದೆ ಸಸಿ, ಮಣ್ಣು, ಮರಮುಟ್ಟು ಮತ್ತು ವಾಹನಗಳೇ ಇದರ ಸಾರಿಗೆಯಾದವು. ತಾನಾಗಿ ತೆವಳಿ ದೂರದ ಊರನ್ನು ತಲಪಲಾರದ ಈ ಜೀವಿ ಇಂದು ಜಗತ್ತಿನ ಅತ್ಯಂತ ಅಪಾಯಕಾರಿ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ಹೆಚ್ಚುವ ಬಗೆ

ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ. ಒಮ್ಮೆಗೆ 100ರಿಂದ 400 ಮೊಟ್ಟೆಗಳನ್ನು ಮಣ್ಣಿನಲ್ಲಿ ಇಡುತ್ತದೆ; ವರ್ಷದಲ್ಲಿ ಹಲವು ಬಾರಿ ಇಡಬಲ್ಲದು. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಯನ್ನು ಬಿಳಿ ಪೊರೆಯಿಂದ ಮುಚ್ಚಿಕೊಂಡು ತಿಂಗಳುಗಟ್ಟಲೆ ನಿದ್ರಿಸಿ, ಮಳೆ ಬಿದ್ದೊಡನೆ ಎಚ್ಚರಗೊಳ್ಳುತ್ತದೆ. ಕಾಫಿ ತೋಟದ ನೆರಳು, ತೇವ ಮತ್ತು ತರಗೆಲೆಗಳು ಇದಕ್ಕೆ ಹೇಳಿ ಮಾಡಿಸಿದ ಆಶ್ರಯ. ರಾತ್ರಿಯ ವೇಳೆ ಎಳೆಯ ಕಾಫಿ ಗಿಡ, ಮೆಣಸಿನ ಬಳ್ಳಿ, ಬಾಳೆ, ಪಪಾಯಿಗಳನ್ನು ಮೇಯುತ್ತದೆ. ಚಿಪ್ಪಿಗೆ ಬೇಕಾದ ಸುಣ್ಣದ ಅಂಶಕ್ಕಾಗಿ ಗೋಡೆಯ ಸುಣ್ಣ, ಸಿಮೆಂಟುಗಳನ್ನೂ ಕೆರೆಯುತ್ತದೆ.

ತಡವಾದರೆ ತೆರುವ ಬೆಲೆ

1966ರಲ್ಲಿ ಬಾಲಕನೊಬ್ಬ ಹವಾಯಿಯಿಂದ ಮೂರು ಹುಳುಗಳನ್ನು ಅಮೆರಿಕದ ಮಯಾಮಿಗೆ ತಂದನು. ಏಳು ವರ್ಷಗಳಲ್ಲಿ ಅವುಗಳ ಸಂತತಿ 18,000ವನ್ನು ಮೀರಿತು. ಅವನ್ನು ನಿರ್ಮೂಲಗೊಳಿಸಲು ಸುಮಾರು ಹತ್ತು ಲಕ್ಷ ಡಾಲರ್ ವೆಚ್ಚವಾಯಿತು. ಹವಾಯಿಯಲ್ಲಿ 1955ರಲ್ಲಿ ಈ ಹುಳುವಿನ ಹತೋಟಿಗೆಂದು ತಂದುಬಿಟ್ಟ ಮತ್ತೊಂದು ಬೇಟೆಗಾರ ಬಸವನಹುಳು, ಅಲ್ಲಿಯ ಅಪರೂಪದ ಸ್ಥಳೀಯ ಬಸವನಹುಳುಗಳನ್ನೇ ತಿಂದು ಅವುಗಳ ವಿನಾಶಕ್ಕೆ ಕಾರಣವಾಯಿತು. ಹೊರಗಿನಿಂದ ತಂದ ಪಿಡುಗಿಗೆ ಹೊರಗಿನಿಂದಲೇ ಮದ್ದು ತರುವುದು ಸುರಕ್ಷಿತವಲ್ಲವೆಂಬುದು ಇದರಿಂದ ಸ್ಪಷ್ಟ.

ಹತೋಟಿಯ ಕ್ರಮಗಳು

ಕೈಯಿಂದ ಆರಿಸಿ ನಾಶಪಡಿಸುವುದೇ ಈಗಲೂ ನಂಬಲರ್ಹ ಕ್ರಮ. ಸಂಜೆ ಒದ್ದೆ ಗೋಣಿಚೀಲ, ಪಪಾಯಿ ಅಥವಾ ಎಲೆಕೋಸಿನ ಎಲೆಗಳನ್ನು ಹರಡಿದರೆ ಹುಳುಗಳು ಅಲ್ಲಿ ಸೇರುತ್ತವೆ. ಅವನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಆಳವಾಗಿ ಹೂಳಬೇಕು. ಉಪ್ಪನ್ನು ಗಿಡಗಳ ಬುಡಕ್ಕೆ ಎರಚಿದರೆ ಮಣ್ಣು ಕೆಡುತ್ತದೆ. ಮೆಟಾಲ್ಡಿಹೈಡ್ ಗುಳಿಗೆಗಳು ಪರಿಣಾಮಕಾರಿಯಾದರೂ ನಾಯಿ, ದನಕರುಗಳಿಗೆ ವಿಷ. ಹುಳುವಿನಲ್ಲಿ ಮಿದುಳಿನ ಪೊರೆಗೆ ಉರಿಯೂತ ತರುವ ಪರೋಪಜೀವಿ ಇರಬಹುದಾದ್ದರಿಂದ ಕೈಗವಸು ಕಡ್ಡಾಯ. ಒಂದು ತೋಟ ಶುಚಿಯಾಗಿ ಪಕ್ಕದ ತೋಟ ಹಾಗೆಯೇ ಉಳಿದರೆ ಶ್ರಮ ವ್ಯರ್ಥ. ಊರೊಟ್ಟಿನ ಕಾರ್ಯಾಚರಣೆಯೇ ಫಲಕಾರಿ.

ವರ್ತಕರ ಪಾತ್ರ

ಹುಳು ಸಾಗುವುದು ಸರಕಿನೊಂದಿಗೆ. ಆದ್ದರಿಂದ ತಡೆಯೂ ಸರಕಿನ ಬಳಿಯಲ್ಲೇ ಆಗಬೇಕು. ಸಸ್ಯಪಾಲನಾ ಕೇಂದ್ರದವರು ಸಸಿ ಚೀಲಗಳ ತಳ ಮತ್ತು ಮಣ್ಣಿನಲ್ಲಿ ಮೊಟ್ಟೆಗಳಿವೆಯೇ ಎಂದು ನೋಡಿ ಮಾರಬೇಕು. ಗೊಬ್ಬರ, ಮರಳು, ಇಟ್ಟಿಗೆ, ಮರದ ದಿಮ್ಮಿಗಳನ್ನು ಪೀಡಿತ ಪ್ರದೇಶದಿಂದ ತರುವವರು ಇಳಿಸುವ ಮುನ್ನ ಪರೀಕ್ಷಿಸಬೇಕು. ಗೋದಾಮಿನ ಸುತ್ತ ಕಸ, ಹಳೆಯ ಗೋಣಿಚೀಲಗಳ ರಾಶಿ ಇರಕೂಡದು. ಲಾರಿಯ ತಳಭಾಗವನ್ನು ತೊಳೆಸಬೇಕು. ಹುಳು ಕಂಡುಬಂದರೆ ಬಚ್ಚಿಡದೆ ಕಾಫಿ ಮಂಡಳಿಗೆ ಅಥವಾ ತೋಟಗಾರಿಕೆ ಇಲಾಖೆಗೆ ತಿಳಿಸುವುದು ಹಿತ.

ತೋಟ ಸೊರಗಿದರೆ ಸಂತೆಯೂ ಸೊರಗುತ್ತದೆ. ಒಂದು ಚೀಲವನ್ನು ತಿರುವಿ ನೋಡುವ ಕ್ಷಣಕಾಲದ ಶ್ರಮ, ಮುಂದಿನ ಹಲವು ವರ್ಷಗಳ ವೆಚ್ಚವನ್ನು ಉಳಿಸಬಲ್ಲದು.