ಭತ್ತದ ಹುಲ್ಲಿಗೆ ಶಿಲೀಂಧ್ರ ಸಂಸ್ಕಾರ

ಭತ್ತದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನ್ ಶೇ. 3ರಿಂದ 4ರಷ್ಟು ಮಾತ್ರ. ಅದರಲ್ಲಿ ಸೆಲ್ಯುಲೋಸ್ ಧಾರಾಳವಾಗಿದ್ದರೂ ಲಿಗ್ನಿನ್ ಅದನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಆಮ್ಲಜನಕವಿಲ್ಲ. ಲಿಗ್ನಿನ್ ಚೆನ್ನಾಗಿ ಒಡೆಯಲು ಆಮ್ಲಜನಕ ಬೇಕು. ಸಮಸ್ಯೆಯ ಮೂಲವೇ ಇದು. ಆದ್ದರಿಂದ ಆ ಕೆಲಸವನ್ನು ಹೊಟ್ಟೆಯ ಹೊರಗೇ ಮಾಡಿಸಬೇಕು.

ಬಿಳಿ ಕೊಳೆ ಶಿಲೀಂಧ್ರಗಳು ಇದರಲ್ಲಿ ನಿಪುಣ. ಚಿಪ್ಪು ಅಣಬೆ (ಪ್ಲ್ಯೂರೋಟಸ್) ಇದೇ ಗುಂಪಿನದು. ಲ್ಯಾಕೇಸ್, ಪೆರಾಕ್ಸಿಡೇಸ್ ಕಿಣ್ವಗಳು ಇವುಗಳ ಆಯುಧ. ಲಿಗ್ನಿನ್ ಪೆರಾಕ್ಸಿಡೇಸ್ ಮೊದಲು ವರದಿಯಾದದ್ದು 1983ರಲ್ಲಿ, ಫ್ಯಾನರೋಕೀಟ್ ಕ್ರೈಸೋಸ್ಪೋರಿಯಂ ಎಂಬ ಶಿಲೀಂಧ್ರದಿಂದ. ನೀರು ನಿಲ್ಲದಂತೆ ತೇವ ಮಾಡಿದ ಹುಲ್ಲಿನ ಮೇಲೆಯೇ ಶಿಲೀಂಧ್ರ ಬೆಳೆಸುವ ವಿಧಾನಕ್ಕೆ ಘನಸ್ಥಿತಿ ಹುದುಗುವಿಕೆ ಎಂದು ಹೆಸರು.

ಭಾರತದ ಉದಾಹರಣೆ ಹರಿಯಾಣದ 'ಕರ್ನಾಲ್ ವಿಧಾನ'. ಇದರಲ್ಲಿ ಎರಡು ಹಂತ: ಮೊದಲು ಹುಲ್ಲಿಗೆ ಯೂರಿಯಾ ಉಪಚಾರ, ನಂತರ ಕೊಪ್ರೈನಸ್ ಫಿಮೆಟೇರಿಯಸ್ ಶಿಲೀಂಧ್ರದ ಬಿತ್ತನೆ. ಯೂರಿಯಾದಿಂದ ಬಿಡುಗಡೆಯಾಗುವ ಅಮೋನಿಯಾವನ್ನು ಶಿಲೀಂಧ್ರ ತನ್ನ ಪ್ರೋಟೀನ್ ಆಗಿ ಮಾಡಿಕೊಳ್ಳುತ್ತದೆ. ಎಷ್ಟು ಚಂದದ ಜೋಡಣೆ!

ಆದರೂ ಈ ವಿದ್ಯೆ ಹಟ್ಟಿಗಳಲ್ಲಿ ವ್ಯಾಪಕವಾಗಿ ಹರಡಿಲ್ಲ. ಶಿಲೀಂಧ್ರವೂ ಉಣ್ಣುವುದು ಅದೇ ಹುಲ್ಲನ್ನು. ಹೆಚ್ಚು ದಿನ ಬಿಟ್ಟರೆ ದನಕ್ಕೆ ಉಳಿಯುವ ಒಣ ಪದಾರ್ಥವೇ ಕಡಿಮೆಯಾಗುತ್ತದೆ. ಬೇರೆ ಬೂಷ್ಟು ಸೇರದಂತೆ ಕಾಯುವುದೂ ಕಷ್ಟ.

ಇಲ್ಲಿ ಎಡವಬಾರದು: ತಾನಾಗಿ ಬೂಷ್ಟು ಹಿಡಿದ ಹುಲ್ಲು ಸಂಸ್ಕರಿಸಿದ ಮೇವಲ್ಲ, ವಿಷವಾಗಬಹುದು. ಎಮ್ಮೆಗಳ ಬಾಲ, ಕಿವಿ, ಕಾಲುಗಳು ಕೊಳೆಯುವ ಡೆಗ್ನಾಲಾ ರೋಗಕ್ಕೂ ಫ್ಯುಸೇರಿಯಂ ಹಿಡಿದ ಭತ್ತದ ಹುಲ್ಲಿಗೂ ನಂಟಿದೆ.